ಇದರ ಮುಂದಿನ ಪುಸ್ತಕ ಇದೆಯೇ?

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ತಿಂಗಳ ಕೂಟಕ್ಕೆ ಬಲ್ಲವರನ್ನು ಕರೆಸಿ ಅವರಿಂದ ನಾಲ್ಕು ಮಾತು ಕೇಳುವುದು ನಮ್ಮ ಪದ್ಧತಿ. ಈ ಸಲ ಬರಬೇಕಾಗಿದ್ದವರಿಗೆ ಮೈಯಲ್ಲಿ ಸ್ವಸ್ಥವಿಲ್ಲವಾಗಿ, ಪುಸ್ತಕ ಕೊಡುವ ಮೇಜಿನ ಹಿಂದೆ ಕೂಡುವ ನಮ್ಮನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ ಬರೆಯುವವರಿಗೆ ಸಾಹಿತ್ಯದ ಮೇಲೆ ಮಾತನಾಡುವ ಅಧಿಕಾರವಿಲ್ಲ, ಒಪ್ಪಿದೆವು. ಆದರೆ ಯಾವ ಪುಸ್ತಕ ಹೊರಗೆ ಹೋಗುತ್ತದೆ, ಯಾವುದು ಓದಿಸಿಕೊಂಡು ಬರುತ್ತದೆ, ಯಾವುದು ಕೈಚೀಲದಲ್ಲಿ ಊರು ಸುತ್ತಿ ಹಾಗೆಯೇ ಮರಳಿ ಬರುತ್ತದೆ ಎಂಬುದನ್ನು ಆ ಮೇಜಿನ ಹಿಂದೆ ಕುಳಿತವರಷ್ಟು ಬೇರೆ ಯಾರೂ ಬಲ್ಲವರಲ್ಲ. ಇವತ್ತು ಹೇಳುವುದು ಆ ಮೇಜಿನ ಮಾತು. ಹದಿನಾಲ್ಕು ಹದಿನೈದರ ಮಕ್ಕಳಿಗೆ ನಾವು ಏನು ಕೊಡುತ್ತಿದ್ದೇವೆ ಎಂಬ ಮಾತು.

ಕಳೆದ ಮಳೆಗಾಲದ ಒಂದು ಭಾನುವಾರ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ವಿಜಯಪುರದ ಕಡೆಯವರು. ಯಜಮಾನರು ಕಾರಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಹುಡುಗಿ ಮರಾಠಿ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಕನ್ನಡ ಅಕ್ಷರವನ್ನು ತಾಯಿಯೇ ಕಲಿಸಿದ್ದರು, ಮೇಲೆ ಎರಡು ವರ್ಷ ನಮ್ಮ ಭಾನುವಾರದ ಪಾಠಕ್ಕೂ ಬಂದವಳು. ತಾಯಿ ಹೇಳಿದ್ದು ಹೀಗೆ: "ಅಣ್ಣಾರ, ಈಕಿ ಮರಾಠಿ ಪುಸ್ತಕಾ ಹಿಡದ್ಲಂದ್ರ ರಾತ್ರಿ ಒಂದ ಗಂಟೆ ಆದ್ರೂ ದೀಪಾ ಆರಸಾಂಗಿಲ್ರಿ. ಕನ್ನಡದ್ದು ಕೊಟ್ರ ಎರಡನೇ ಹಾಳಿಗೇ ನಿದ್ದಿ. ಹಿಂಗಾದ್ರ ನಮ್ಮ ಮನ್ಯಾಗ ಕನ್ನಡ ಓದೂದು ನನ್ನ ಸಂಗಾಟನ ಮುಗೀತದ ನೋಡ್ರಿ."

ಇದು ಒಬ್ಬ ತಾಯಿಯ ಮಾತು ಮಾತ್ರವಲ್ಲ. ಇಲ್ಲಿ ಕುಳಿತ ನೀವೆಲ್ಲ ನಿಮ್ಮ ನಿಮ್ಮ ಖೋಲಿಗಳನ್ನು ನೆನೆಸಿಕೊಳ್ಳಿ. ನಮ್ಮ ಮಕ್ಕಳು ಕನ್ನಡ ಆಡುತ್ತಾರೆ. ಊರಿನ ಅಜ್ಜಿಯೊಡನೆ ಮೊಬೈಲಿನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ. ಆದರೆ ಓದುವ ಕನ್ನಡ ಹದಿಮೂರಕ್ಕೋ ಹದಿನಾಲ್ಕಕ್ಕೋ ನಿಂತುಹೋಗುತ್ತದೆ. ಆ ವಯಸ್ಸಿನಲ್ಲಿ ಬಿಟ್ಟವರು ಮತ್ತೆ ಹಿಡಿದದ್ದನ್ನು ನಾವು ಕಂಡಿಲ್ಲ. ಮುಂಬಯಿಯ ನಗರಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದಿರುವುದು ನಿಮಗೆ ತಿಳಿದ ವಿಷಯ. ಇನ್ನು ಉಳಿದಿರುವುದು ಮನೆ ಮತ್ತು ಇಂಥ ಒಂದು ಕೋಣೆ, ನಾಲ್ಕು ಕಪಾಟು.

ಹುಡುಗಿ ತನ್ನ ಚೀಲದಿಂದ ಒಂದು ಮರಾಠಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಭಾ. ರಾ. ಭಾಗವತರ 'ಫಾಸ್ಟರ್ ಫೇಣೆ'. "ಕಾಕಾ, ಕನ್ನಡದಾಗ ಇಂಥಾದ್ದು ಅದ ಏನ್ರಿ? ಬರೇ ಒಂದಲ್ಲ, ಸಾಲಾಗಿ ಇರಬೇಕು. ಒಂದ ಮುಗದಕೂಡ್ಲೆ ಇನ್ನೊಂದ." ಎಂದು ಕೇಳಿದಳು.

ಈ ಫೇಣೆಯನ್ನು ಅರಿಯದವರಿಗಾಗಿ ಒಂದೆರಡು ಮಾತು. ಬನೇಶ್ ಫೇಣೆ, ಬನ್ಯಾ, ಪುಣೆಯ ಹತ್ತಿರದ ಫುರಸುಂಗಿಯ ಕಡ್ಡಿಯಂಥ ಹುಡುಗ. ಪುಣೆಯ ಶಾಲೆಯೊಂದರಲ್ಲಿ ಓದುತ್ತಾನೆ. ಸೈಕಲ್ ಏರಿದರೆ ಗಾಳಿ. ಏನಾದರೂ ಹೊಳೆದಾಗ ನಾಲಿಗೆಯಿಂದ 'ಟ್ಟಾಕ್' ಎಂದು ಸಪ್ಪಳ ಮಾಡುತ್ತಾನೆ. ಕಳ್ಳರ ಹಿಂದೆ ಬೀಳುತ್ತಾನೆ, ಸಿಕ್ಕಿಕೊಳ್ಳುತ್ತಾನೆ, ಪಾರಾಗುತ್ತಾನೆ. 1910ರಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡ ಭಾಗವತರು ಈ ಒಬ್ಬ ಹುಡುಗನ ಮೇಲೆ ಇಪ್ಪತ್ತು ಪುಸ್ತಕ ಬರೆದರು. ಒಂದನ್ನು ಓದಿದವರು ಇಪ್ಪತ್ತನ್ನೂ ಓದುತ್ತಾರೆ. ಮಹಾರಾಷ್ಟ್ರದಲ್ಲಿ ಇದನ್ನು ಓದಿ ಓದುಗರಾದವರ ಸಂಖ್ಯೆ ದೊಡ್ಡದು. 2017ರಲ್ಲಿ ಇವನ ಹೆಸರಿನ ಸಿನಿಮಾ ಕೂಡ ಬಂತು.

ಹುಡುಗಿಯ ಪ್ರಶ್ನೆಗೆ ನಾವು "ಓಹೋ, ಬೇಕಾದಷ್ಟು ಇವೆ" ಎಂದು ಧೈರ್ಯವಾಗಿ ಹೇಳಿಬಿಟ್ಟೆವು. ಹೇಳಿ ಕಪಾಟಿನ ಮುಂದೆ ನಿಂತಾಗ ಕೈಗೆ ಏನೂ ಬರಲಿಲ್ಲ.

ಮೊದಲು ಕೊಟ್ಟದ್ದು ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ-ಭಾರತಿ ಪುಸ್ತಕ ಸಂಪದದ ಪುಟ್ಟ ಪುಸ್ತಕಗಳು. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕಗಳ ದೊಡ್ಡ ಕೆಲಸ. ಜೇಬಿನಲ್ಲಿ ಹಿಡಿಯುವ ಗಾತ್ರ, ತಿಳಿಯಾದ ಕನ್ನಡ, ಒಂದೊಂದರಲ್ಲಿ ಒಬ್ಬೊಬ್ಬ ದೊಡ್ಡವರ ಜೀವನ. ನಮ್ಮಲ್ಲಿ ಎಷ್ಟೋ ಮಂದಿ ಇವನ್ನು ಓದಿಯೇ ಬೆಳೆದವರು. 510 ಎಂದರೆ ಸಾಲಲ್ಲದೆ ಮತ್ತೇನು ಎಂದುಕೊಂಡೆವು. ನಾಲ್ಕು ಒಯ್ದಳು, ಮೂರನೆಯ ದಿನ ನಾಲ್ಕನ್ನೂ ತಂದಿಟ್ಟಳು. "ಛಲೋ ಅವ" ಎಂದಳು. ಛಲೋ ಅವ ಎಂದು ಹೇಳಿ ಮತ್ತೊಂದು ಕೇಳದೆ ಹೋದರೆ ಏನು ಅರ್ಥ ಎಂಬುದು ನಮಗೆ ಮೇಜಿನ ಅನುಭವದಿಂದ ಗೊತ್ತು.

ಎರಡನೆಯ ಸಲ ನಾವು ದೊಡ್ಡಸ್ತಿಕೆ ಮಾಡಿದೆವು. ಪ್ರಶಸ್ತಿ ಬಂದ ಒಂದು ದಪ್ಪ ಕಾದಂಬರಿ ಕೊಟ್ಟು, "ಇದನ್ನು ಓದಿದರೆ ಕನ್ನಡ ಏನೆಂದು ತಿಳಿಯುತ್ತದೆ ಮಗಳೇ" ಎಂದು ಉಪದೇಶವನ್ನೂ ಸೇರಿಸಿದೆವು. ಅದು ಒಂದು ತಿಂಗಳ ಮೇಲೆ ತಾಯಿಯ ಕೈಯಲ್ಲಿ ಬಂತು. ಗುರುತಿಗೆ ಇಟ್ಟ ಲೋಕಲ್ ಗಾಡಿಯ ಟಿಕೀಟು ಹನ್ನೊಂದನೆಯ ಪುಟದಲ್ಲಿತ್ತು.

ಆಮೇಲೆ ಕುಳಿತು ಯೋಚಿಸಿದಾಗ ನಮ್ಮ ತಪ್ಪು ತಿಳಿಯಿತು. ಮಾಲೆ ಎಂದರೆ ಕನ್ನಡದಲ್ಲಿ ನಮಗೆ ರೂಢಿಯಾದದ್ದು ಪ್ರಕಾಶಕರ ಮಾಲೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇದಕ್ಕೆ ಹೆಸರಾದದ್ದು. ಚಂದಾ ಕಟ್ಟಿದವರ ಮನೆಗೆ ಪುಸ್ತಕ ಬರುವ ಏರ್ಪಾಡಿನಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಆದರೆ ಅಂಥ ಮಾಲೆಯಲ್ಲಿ ಹೂವು ಬೇರೆ ಬೇರೆ, ದಾರ ಮಾತ್ರ ಒಂದು. ಒಂದು ಪುಸ್ತಕ ಕಥೆ, ಮುಂದಿನದು ನಾಟಕ, ಅದರ ಮುಂದಿನದು ವಿಮರ್ಶೆ. ಇನ್ನೊಂದು ಬಗೆ ಸಂಪುಟಗಳದ್ದು. ಶಿವರಾಮ ಕಾರಂತರ ಬಾಲಪ್ರಪಂಚ, ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ಜ್ಞಾನಗಂಗೋತ್ರಿ. ಇವು ಮನೆಯಲ್ಲಿರಬೇಕಾದ ಪುಸ್ತಕಗಳೇ. ಆದರೆ ಜ್ಞಾನಗಂಗೋತ್ರಿಯ ಮೂರನೆಯ ಸಂಪುಟ ಮುಗಿಸಿ ನಾಲ್ಕನೆಯದರಲ್ಲಿ ಏನಾಯಿತೋ ಎಂದು ಯಾರೂ ನಿದ್ದೆಗೆಡುವುದಿಲ್ಲ.

ಹುಡುಗಿ ಕೇಳಿದ್ದು ಮೂರನೆಯ ಬಗೆ. ಅದೇ ಮನುಷ್ಯ ಮತ್ತೆ ಬರಬೇಕು. ಹೋದ ಪುಸ್ತಕದಲ್ಲಿ ಪರಿಚಯವಾದವನು ಈ ಪುಸ್ತಕದ ಬಾಗಿಲಲ್ಲಿ ನಿಂತು ಬಾ ಎನ್ನಬೇಕು. ಓದು ನಿಧಾನವಾಗಿರುವ ಮಗುವಿಗೆ ಇದರಿಂದ ಆಗುವ ಅನುಕೂಲ ಎಷ್ಟೆಂಬುದನ್ನು ನಾವು ಮೊದಲು ಎಣಿಸಿಯೇ ಇರಲಿಲ್ಲ. ಹೊಸ ಕಾದಂಬರಿ ಎಂದರೆ ಹೊಸ ಊರು, ಹೊಸ ಹೆಸರು, ಹೊಸ ಬಗೆಯ ಮಾತು. ಮೊದಲ ಮೂವತ್ತು ಪುಟ ಅದನ್ನೆಲ್ಲ ಹೊಂದಿಸಿಕೊಳ್ಳುವುದೇ ಕೆಲಸ. ಅಕ್ಷರದ ಕೆಳಗೆ ಬೆರಳಿಟ್ಟು ಓದುವವಳಿಗೆ ಆ ಮೂವತ್ತು ಪುಟ ಒಂದು ವಾರ. ಸಾಲಿನ ಪುಸ್ತಕದಲ್ಲಿ ಈ ಶ್ರಮ ಒಂದೇ ಸಲ ಪಟ್ಟರೆ ಸಾಕು. ಎರಡನೆಯದಕ್ಕೆ ಓಟ ಬರುತ್ತದೆ, ನಾಲ್ಕನೆಯ ಹೊತ್ತಿಗೆ ಬೆರಳು ತಾನಾಗಿ ಎದ್ದುಹೋಗುತ್ತದೆ.

ಇಂಥದು ಕನ್ನಡದಲ್ಲಿ ಇಲ್ಲವೇ? ಇತ್ತು. ನಮ್ಮ ಕೆಳಗಿನ ಕಪಾಟಿನಲ್ಲೇ, ವಾರ್ಷಿಕ ವರದಿಗಳ ಹಿಂದೆ ಇತ್ತು. ಸಂಕೋಚಪಟ್ಟುಕೊಂಡು ಇಟ್ಟದ್ದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ.

ನರಸಿಂಹಯ್ಯನವರ ಹೆಸರು ಕೇಳಿದೊಡನೆ ಈ ಸಭೆಯಲ್ಲಿ ಮೂರು ನಾಲ್ಕು ಬಿಳಿ ತಲೆಗಳು ಎತ್ತಿದ್ದನ್ನು ನೋಡಿದೆವು, ಸಂತೋಷವಾಯಿತು. 1925ರಲ್ಲಿ ಹುಟ್ಟಿದವರು, 2011ರಲ್ಲಿ ಹೋದರು. ಓದಿದ್ದು ನಾಲ್ಕನೆಯ ತರಗತಿ. ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ, ಹೀಗೆ ಅವರ ಪತ್ತೇದಾರರು ಬರುತ್ತಲೇ ಇರುತ್ತಾರೆ. 1950ರ ದಶಕದಲ್ಲಿ ಆರಂಭವಾಗಿ ಹಲವು ವರ್ಷ ಈ ಪುಸ್ತಕಗಳನ್ನು ಬಸ್ ನಿಲ್ದಾಣಗಳಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಜನ ಮುಗಿಬಿದ್ದು ಓದಿದರು. ಹೋಟೆಲಿನ ಕೆಲಸ ಮುಗಿದ ಮೇಲೆ, ಮೇಜುಗಳನ್ನು ಸೇರಿಸಿ ಹಾಸಿಗೆ ಬಿಡಿಸುವ ಮೊದಲು, ಒಬ್ಬ ಓದಿ ನಾಲ್ವರು ಕೇಳುತ್ತಿದ್ದರಂತೆ. ಇದನ್ನು ನಮ್ಮ ಹಿರಿಯ ಸದಸ್ಯರೇ ಹೇಳಿದ್ದಾರೆ. ಇನ್ನೊಂದು ಮಾತು. ರಾಜ್ಯೋತ್ಸವದ ದಿನ ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಎಂ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಹಾಗಾಗಿ ಈ ಪುಸ್ತಕಗಳನ್ನು ವರದಿಗಳ ಹಿಂದೆ ಬಚ್ಚಿಟ್ಟ ನಾವು ಬಾವುಟಕ್ಕೆ ಮಾತ್ರ ಕೈಮುಗಿದು ಬಂದೆವು.

ನಮ್ಮಲ್ಲಿ ಉಳಿದಿದ್ದದ್ದು ಪುರುಷೋತ್ತಮ ಬರುವ ಒಂದೇ ಒಂದು ಪ್ರತಿ. ಹಾಳೆ ಹಳದಿಯಾಗಿ ಅಂಚು ಉದುರುತ್ತಿತ್ತು. ಕೊಡುವಾಗ ನಾವೊಂದು ಉಪಾಯ ಮಾಡಿದೆವು. ಮೊದಲ ಹತ್ತು ಪುಟ ನಾವೇ ಗಟ್ಟಿಯಾಗಿ ಓದಿದೆವು, ಬಾಗಿಲು ತಟ್ಟಿದ ಸಪ್ಪಳವಾಗುವ ಕಡೆ ನಿಲ್ಲಿಸಿ ಪುಸ್ತಕ ಮುಚ್ಚಿ ಕೈಗೆ ಕೊಟ್ಟೆವು. ಇದರಲ್ಲಿ ಮೋಸವೇನೂ ಇಲ್ಲ. ಹಳೆಯ ಕಾಲದ ಹರಿದಾಸರು ಕಥೆಯ ನಡುವೆ ನಿಲ್ಲಿಸಿ ನಾಳೆ ಬನ್ನಿ ಎನ್ನುತ್ತಿದ್ದರಲ್ಲವೇ.

ಬುಧವಾರ ಸಂಜೆ ನಾವು ಬೀಗ ತೆಗೆಯುವ ಮೊದಲೇ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು. "ಕಾಕಾ, ಕಡೀ ಹಾಳಿ ಎಲ್ಲಿ ಹೋದವ್ರಿ? ಯಾರು ಕೊಂದ್ರು ಅನ್ನೂದ ಇಲ್ಲಲ್ಲ ಇದರಾಗ!"

ನೋಡಿದರೆ ನಿಜ. ಕೊನೆಯ ಎಂಟು ಹತ್ತು ಪುಟ ಯಾವ ಕಾಲದಲ್ಲೋ ಕಳಚಿಹೋಗಿವೆ. ನಾವು ನೋಡಿಯೇ ಇರಲಿಲ್ಲ. ಕ್ಷಮೆ ಕೇಳಿದೆವು. ಆದರೆ ಗೆಳೆಯರೇ, ಒಳಗೊಳಗೇ ನಮಗಾದ ಸಂತೋಷವನ್ನು ಹೇಗೆ ಹೇಳೋಣ. ಎರಡನೆಯ ಹಾಳೆಗೆ ನಿದ್ದೆ ಹೋಗುತ್ತಿದ್ದ ಹುಡುಗಿ ಕನ್ನಡ ಪುಸ್ತಕದ ಹತ್ತು ಹಾಳೆ ಇಲ್ಲವೆಂದು ಜಗಳಕ್ಕೆ ಬಂದಿದ್ದಾಳೆ!

ಡೊಂಬಿವಲಿ, ಕಲ್ಯಾಣದ ರದ್ದಿ ಅಂಗಡಿಗಳನ್ನೆಲ್ಲ ಸುತ್ತಿದೆವು. ಮರಾಠಿಯ ಬಾಬುರಾವ್ ಅರ್ನಾಳಕರರ ಪತ್ತೇದಾರಿ ಪುಸ್ತಕ ಬೇಕೆಂದರೆ ಸಿಗುತ್ತಿತ್ತು, ನರಸಿಂಹಯ್ಯನವರದು ಸಿಗಲಿಲ್ಲ. ಇಂಥ ಪುಸ್ತಕಗಳ ಹಣೆಬರಹವೇ ಇದು. ಎಲ್ಲರೂ ಓದುತ್ತಾರೆ, ಯಾರೂ ಕಾಪಾಡುವುದಿಲ್ಲ.

ಈ ವಿಚಾರ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ ಒಬ್ಬ ಹಿರಿಯರು, ಕೊಲೆ ದರೋಡೆಯ ಪುಸ್ತಕಕ್ಕೆ ಸಂಘದ ಹಣ ಬೇಡ, ಮಕ್ಕಳ ಮನಸ್ಸು ಕೆಡುತ್ತದೆ ಎಂದರು. ಅವರ ಕಾಳಜಿ ಸುಳ್ಳಲ್ಲ. ಆ ಪುಸ್ತಕಗಳೆಲ್ಲ ಒಂದೇ ಮಟ್ಟದವೆಂದು ನಾವೂ ಹೇಳುವುದಿಲ್ಲ. ಐನೂರು ಬರೆದವರು ಐನೂರನ್ನೂ ತೂಗಿ ಬರೆಯುವುದು ಸಾಧ್ಯವೂ ಇಲ್ಲ. ಆದರೆ ನಮಗೆ ತೋರುವುದು ಇಷ್ಟು: ಹದಿನಾಲ್ಕರ ಮಗು ಓದುವುದು ಎರಡು ಭಾಷೆಯಲ್ಲಿ, ಮೂರು ಭಾಷೆಯಲ್ಲಿ. ಮರಾಠಿಯಲ್ಲಿ ಪತ್ತೇದಾರಿ, ಇಂಗ್ಲಿಷಿನಲ್ಲಿ ಹ್ಯಾರಿ ಪಾಟರ್, ಕನ್ನಡದಲ್ಲಿ ಮಾತ್ರ ನೀತಿಪಾಠ ಎಂದಾದರೆ ಕನ್ನಡ ಎಂದರೆ ಬುದ್ಧಿವಾದ ಎಂದೇ ಅದು ತಿಳಿದುಕೊಳ್ಳುತ್ತದೆ. ಕನ್ನಡದಲ್ಲೂ ಎದೆ ಡವಗುಟ್ಟುತ್ತದೆ ಎಂದು ಗೊತ್ತಾಗಲಿ, ಮಿಕ್ಕದ್ದು ಆಮೇಲೆ. ಸಮಿತಿಯಲ್ಲಿ ತೀರ್ಮಾನ ಆಗಲಿಲ್ಲ, ಮುಂದಿನ ಸಭೆಗೆ ಹೋಯಿತು. ಆ ದಿನ ಏನೂ ಮಾತನಾಡದೆ ಕುಳಿತಿದ್ದ ಇನ್ನೊಬ್ಬ ಹಿರಿಯರು ಮರುವಾರ ಬಂದು, ಮರಾಠಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಎರಡು ಪತ್ತೇದಾರಿ ಕಾದಂಬರಿಗಳನ್ನು ಮೇಜಿನ ಮೇಲಿಟ್ಟು ಹೋದರು. ಹೆಸರು ಬರೆಯಬೇಡಿ ಎಂದರು, ಬರೆದಿಲ್ಲ. ನಾವು ಹುಡುಕುತ್ತಿದ್ದ ಪುಸ್ತಕ ಅವುಗಳಲ್ಲಿ ಇರಲಿಲ್ಲ. ಆದರೂ ಹುಡುಗಿ ಎರಡನ್ನೂ ಒಂದೇ ವಾರದಲ್ಲಿ ಮುಗಿಸಿದಳು.

ಅಲ್ಲಿಗೆ ಹಳೆಯ ದಾಸ್ತಾನು ತೀರಿತು. ಮುಂದಿನದಕ್ಕೆ ಹೊಸದನ್ನು ಹುಡುಕಲೇಬೇಕಾಯಿತು.

ಈಗ ಹೇಳುವ ಪುಸ್ತಕಗಳ ಹೆಸರನ್ನು ತಾಯಿತಂದೆಯರು ಬರೆದುಕೊಳ್ಳಬಹುದು. ಕೆನೆತ್ ಆಂಡರ್ಸನ್ ಎಂಬವರು ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರರು, 1910ರಿಂದ 1974ರ ವರೆಗೆ ಬದುಕಿದವರು. ದಕ್ಷಿಣದ ಕಾಡುಗಳಲ್ಲಿ ನರಭಕ್ಷಕ ಹುಲಿ ಚಿರತೆಗಳ ಬೆನ್ನು ಹತ್ತಿದ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದರು. ಅದನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕನ್ನಡದಲ್ಲಿ ಮರುಹುಟ್ಟಿಸಿ 'ಕಾಡಿನ ಕತೆಗಳು' ಎಂದು ನಾಲ್ಕು ಭಾಗ ಮಾಡಿದ್ದಾರೆ: ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಬೆಳ್ಳಂದೂರು, ಜಾಲಹಳ್ಳಿ, ಮಾಗಡಿ ಎಂಬ ಹೆಸರು ಓದುವಾಗ, ನಮ್ಮ ಭಾಷೆಯ ಊರಿನಲ್ಲೇ ಹೀಗೆ ಆಯಿತೇ ಎಂದು ಮಗು ಬೆರಗಾಗುತ್ತದೆ. ಬೇಟೆಯ ಕಥೆ ಯಾಕೆ ಎಂದು ಕೇಳುವವರುಂಟು. 1972ರ ವನ್ಯಜೀವಿ ಕಾಯಿದೆಯ ಮೇಲೆ ಆ ಕಾಲ ಮುಗಿಯಿತು ಎಂಬುದನ್ನೂ ಮಗುವಿಗೆ ಹೇಳಿದರಾಯಿತು. ಈ ಹುಡುಗಿ ಪ್ರತಿ ಕಥೆಯಲ್ಲೂ ಹುಲಿಯ ಪಕ್ಷವನ್ನೇ ಹಿಡಿದಳು.

ನಾಲ್ಕು ಭಾಗವನ್ನು ಒಂದೇ ಸಲ ಬೆಂಗಳೂರಿನಿಂದ ಅಂಚೆಯಲ್ಲಿ ತರಿಸಿದೆವು. ಇಲ್ಲೊಂದು ಎಡವಟ್ಟು ಆಯಿತು. ಒಬ್ಬ ಸದಸ್ಯರು ಎರಡನೆಯ ಭಾಗವನ್ನು ಕೈಗೆತ್ತಿಕೊಂಡವರು ಅದನ್ನು ಗಣಪತಿ ಹಬ್ಬಕ್ಕೆ ಊರಿಗೆ ಒಯ್ದರು, ದಸರೆ ಕಳೆದ ಮೇಲೆ ತಂದರು. ಅಷ್ಟರಲ್ಲಿ ಹುಡುಗಿ ಹದಿನಾಲ್ಕು ಸಲ ಬಂದು ಕೇಳಿ ಹೋಗಿದ್ದಳು. ಹದಿನಾಲ್ಕು ಎಂಬುದು ಬಾಯಿಮಾತಲ್ಲ, ನಾವು ವಹಿಯಲ್ಲಿ ಗೀಟು ಹಾಕುತ್ತಿದ್ದೆವು. ಈ ಪುಸ್ತಕದಲ್ಲಿ ಕಥೆಗಳು ಬಿಡಿಬಿಡಿಯಾದ್ದರಿಂದ ಮೂರನೆಯ ಭಾಗ ಓದಲು ಅಡ್ಡಿಯೇನಿಲ್ಲ ಎಂದರೂ ಕೇಳಲಿಲ್ಲ. ಎರಡರ ಮೇಲೆ ಮೂರು, ಅದು ಅವಳ ಶಿಸ್ತು. ಆ ಮೇಲೆ ನಾವು ನಿಯಮ ಮಾಡಿದೆವು. ಮಾಲೆಯ ಪುಸ್ತಕದ ಬೆನ್ನಿಗೆ ಕೆಂಪು ಕಾಗದ ಅಂಟಿಸಿ ಅಂಕೆ ಬರೆಯುವುದು, ಒಂದನೆಯದು ಒಯ್ದವರ ಹೆಸರಿಗೆ ಎರಡನೆಯದನ್ನು ಹದಿನೈದು ದಿನ ಕಾದಿರಿಸುವುದು, ಅಂಥ ಪುಸ್ತಕ ಊರಿಗೆ ಹೋಗಕೂಡದು. ದೊಡ್ಡವರು ಸ್ವಲ್ಪ ಸಿಟ್ಟಾದರು. ಆಗಲಿ.

ಕಾಡಿನ ಕತೆಗಳು ಮುಗಿದಾಗ ಅದೇ ತೇಜಸ್ವಿಯವರ 'ಪರಿಸರದ ಕತೆ' ಕೊಟ್ಟೆವು. 1991ರ ಪುಸ್ತಕ. ಅವರು ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು, ಕಾಡು ಸುತ್ತಿಕೊಂಡು, ಮೀನು ಹಿಡಿದುಕೊಂಡು ಇದ್ದಾಗಿನ ಸಂಗತಿಗಳು. ಕಿವಿ ಎಂಬ ಹೆಸರಿನ ಒಂದು ನಾಯಿ ಬರುತ್ತದೆ. ನಗದೆ ಓದಿ ಮುಗಿಸುವುದು ಕಷ್ಟ. ಅದು ಮುಗಿದ ಮೇಲೆ 1980ರಲ್ಲಿ ಬಂದ 'ಕರ್ವಾಲೊ' ಕೊಟ್ಟೆವು. ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ತೋಟಗಾರ, ಜೇನು ಕೀಳುವ ಮಂದಣ್ಣ ಮೊದಲಾದವರು ಘಟ್ಟದ ಕಾಡಿಗೆ ಹೋಗುವ ಕಥೆ. ಮೂರನೆಯ ದಿನ ಹುಡುಗಿ ಓಡಿ ಬಂದಳು. "ಕಾಕಾ, ಆ ನಾಯಿ ಇದರಾಗೂ ಅದರಿ! ಕಿವಿ!"

ನಾವು ಆ ಎರಡು ಪುಸ್ತಕಗಳನ್ನು ಎಷ್ಟು ಸಲ ಕಪಾಟಿನಿಂದ ತೆಗೆದು ಕೊಟ್ಟಿಲ್ಲ, ಮರಳಿ ಇಟ್ಟಿಲ್ಲ! ಒಂದನ್ನು ಕಾದಂಬರಿ ಎಂದು ಮೇಲಿನ ಸಾಲಿಗೆ, ಇನ್ನೊಂದನ್ನು ಪ್ರಕೃತಿ ಎಂದು ಬದಿಯ ಸಾಲಿಗೆ ಹಾಕಿದ್ದೆವು. ಎರಡರಲ್ಲೂ ಒಂದೇ ನಾಯಿ ಬಾಲ ಅಲ್ಲಾಡಿಸುತ್ತಿದೆ ಎಂಬುದನ್ನು ಕಂಡುಹಿಡಿದು, ಅವು ಒಂದೇ ಸಾಲಿನ ಪುಸ್ತಕಗಳು ಎಂದು ನಮಗೆ ಹೇಳಿದ್ದು ಒಂಬತ್ತನೆಯ ತರಗತಿಯ ಹುಡುಗಿ. ಹೊದಿಕೆಯ ಮೇಲೆ ಭಾಗ ಒಂದು, ಭಾಗ ಎರಡು ಎಂದು ಅಚ್ಚಾಗಿಲ್ಲದ ಕಾರಣ ನಮಗೆ ಕಾಣಲಿಲ್ಲ. ಈಗ ಆ ಎರಡನ್ನೂ ಜೊತೆಗೆ ಇಟ್ಟು ಕೆಂಪು ಕಾಗದ ಅಂಟಿಸಿದ್ದೇವೆ.

ತೇಜಸ್ವಿಯವರಲ್ಲಿ ಹೆಸರಿಟ್ಟೇ ಮಾಡಿದ ಮಾಲೆಯೂ ಇದೆ, 'ಮಿಲೇನಿಯಮ್ ಸರಣಿ', ಹದಿನಾರು ಪುಸ್ತಕ. ಪೆಸಿಫಿಕ್ ದ್ವೀಪಗಳು, ಚಂದ್ರನ ಚೂರು, ಮಹಾಯುದ್ಧದ ಮೂರು ಭಾಗ, ಅಡ್ವೆಂಚರ್, ಹೀಗೆ ಹೋಗುತ್ತದೆ. ಮಕ್ಕಳಿಗೆಂದು ದನಿ ಎಳೆದು ಮಾತನಾಡದೆ, ಸಮಾನರೊಡನೆ ಕುಳಿತು ಹೇಳಿದಂತೆ ಬರೆದಿದ್ದಾರೆ. ಎಲ್ಲವನ್ನೂ ಓದಬೇಕೆಂದಿಲ್ಲ, ಕೆಲವು ನಮಗೂ ಸಪ್ಪೆ ಎನಿಸಿದವು. ಆದರೆ ಕೊನೆಯ 'ಮಹಾಪಲಾಯನ'ವನ್ನು ಮಾತ್ರ ಬಿಡಬಾರದು. ಸೈಬೀರಿಯದ ಸೆರೆ ಶಿಬಿರದಿಂದ ತಪ್ಪಿಸಿಕೊಂಡ ಕೆಲವರು ಹಿಮ, ಮರುಭೂಮಿ, ಹಿಮಾಲಯ ದಾಟಿ ಕಾಲ್ನಡಿಗೆಯಲ್ಲಿ ಭಾರತಕ್ಕೆ ಬಂದ ಕಥೆ. ಮೂಲ, ಸ್ಲಾವೊಮಿರ್ ರಾವಿಚ್ ಎಂಬ ಪೋಲಿಷ್ ಸೈನಿಕರ ಹೆಸರಿನಲ್ಲಿ 1956ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. ಕಲ್ಯಾಣದಿಂದ ಬರುವಾಗ ಇದನ್ನು ಓದುತ್ತಿದ್ದ ನಾವೇ ಠಾಕುರ್ಲಿಯಲ್ಲಿ ಇಳಿಯಲು ಮರೆತು ಡೊಂಬಿವಲಿಗೆ ಹೋಗಿ ಮರಳಿ ಬಂದದ್ದುಂಟು. ನಮ್ಮ ನಿಲ್ದಾಣದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲವೆಂದು ಗೊಣಗುವವರು ನಾವು, ಸ್ಲೋ ಗಾಡಿ ನಿಂತಾಗಲೂ ಇಳಿಯಲಿಲ್ಲ! ಹುಡುಗಿ ಮುಗಿಸಿ ಬಂದು, "ಇದು ಖರೇನ ಆದದ್ದೇನ್ರಿ?" ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆವು. ರಾವಿಚ್ ನಿಜವಾಗಿ ನಡೆದು ಬಂದರೇ ಎಂಬ ಸಂಶಯ ಬಹಳ ಜನಕ್ಕಿತ್ತು, 1942ರಲ್ಲಿ ಅವರನ್ನು ಸೋವಿಯತ್ ಸರ್ಕಾರವೇ ಬಿಡುಗಡೆ ಮಾಡಿತೆಂದು ತೋರಿಸುವ ದಾಖಲೆಗಳನ್ನು 2006ರಲ್ಲಿ ಬಿ.ಬಿ.ಸಿ. ಬಯಲಿಗೆ ತಂದಿತು ಎಂದು. ಬೇಸರಪಡುತ್ತಾಳೆ ಎಂದುಕೊಂಡಿದ್ದೆವು. ಅವಳು ಪುಸ್ತಕವನ್ನು ಇನ್ನೊಂದು ವಾರಕ್ಕೆ ಬರೆಸಿಕೊಂಡು ಹೋದಳು. ಸುಳ್ಳು ಎಲ್ಲಿ ಗೊತ್ತಾಗುತ್ತದೆ ಎಂದು ಮತ್ತೆ ಓದಿ ಹುಡುಕುವುದಂತೆ. ಪುರುಷೋತ್ತಮನ ಸಹವಾಸ ವ್ಯರ್ಥವಾಗಲಿಲ್ಲ.

ಇತಿಹಾಸದ ರುಚಿ ಇರುವ ಮಕ್ಕಳಿಗೆ ತ. ರಾ. ಸುಬ್ಬರಾಯರ ಚಿತ್ರದುರ್ಗದ ಕಾದಂಬರಿಗಳಿವೆ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಎಂಬ ಮೂರನ್ನು ಈ ಕ್ರಮದಲ್ಲೇ ಓದಬೇಕು. ಹದಿನಾರು ಆಗಿರಲಿ, ರಕ್ತಪಾತ ಹೆಚ್ಚು. 'ದುರ್ಗಾಸ್ತಮಾನ' ಕೊನೆಗೆ. ಇದನ್ನು ಒಬ್ಬ ಹುಡುಗನಿಗೆ ಮೊದಲು ಕೊಟ್ಟು ಕೆಡಿಸಿದ ಅನುಭವ ನಮಗಿದೆ. ಮುಳುಗುವುದನ್ನು ಮೊದಲೇ ತೋರಿಸಿದರೆ ಹುಟ್ಟುವುದನ್ನು ನೋಡಲು ಯಾರು ಬರುತ್ತಾರೆ.

ಚಿತ್ರದ ಪುಸ್ತಕ ಓದಿದರೆ ಓದಿದಂತಾಯಿತೇ ಎಂದು ಕೆಲವರು ಕೇಳುತ್ತಾರೆ. ಆಯಿತು ಎಂದೇ ನಮ್ಮ ಉತ್ತರ. ಅಮರ ಚಿತ್ರ ಕಥೆಯನ್ನು ನಡೆಸಿದ ಅನಂತ ಪೈಗಳು ಕಾರ್ಕಳದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಾಯಿತಂದೆಯರನ್ನು ಕಳೆದುಕೊಂಡು, ಹನ್ನೆರಡರ ಹುಡುಗನಾಗಿ ಮುಂಬಯಿಗೆ ಬಂದವರು. ಆ ಮಾಲೆಯ ಕೃಷ್ಣನ ಪುಸ್ತಕಕ್ಕೆ 11 ಎಂಬ ಅಂಕೆ ಏಕಿದೆ ಬಲ್ಲಿರಾ? ಅದಕ್ಕೆ ಮೊದಲಿನ ಹತ್ತು ಬಂದದ್ದು ಕನ್ನಡದಲ್ಲಿ, ಪರದೇಶದ ಕಥೆಗಳಾಗಿ, 1965ರ ಹೊತ್ತಿಗೆ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ. ಭಾರತದ ಮಕ್ಕಳೆಲ್ಲ ಓದಿದ ಆ ಸಾಲಿನ ತಲೆಬಾಗಿಲು ಕನ್ನಡದ್ದು.

ಮರಾಠಿ ಓದಿದರೆ ಕನ್ನಡ ಹೋಗುತ್ತದೆ ಎಂಬ ಭಯ ಕೆಲವು ಮನೆಗಳಲ್ಲಿದೆ. ಗಳಗನಾಥರನ್ನು ನೆನೆಯೋಣ. 1869ರಿಂದ 1942ರ ವರೆಗೆ ಬಾಳಿದ ಈ ಮಹನೀಯರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತವಾಗಿಯೂ ಬರೆದರು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಅಜ್ಜಂದಿರ ಕಾಲದ ಕನ್ನಡ ಓದುಗರು ಮರಾಠಿಯಿಂದ ಬಂದ ಕಥೆಯಿಂದಲೇ ಓದು ಕಲಿತವರು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದು ಇದೇ ಕೆಲಸ ಮಾಡಿದರು. ಹಾಗಾಗಿ ಫಾಸ್ಟರ್ ಫೇಣೆಯನ್ನು ಕಸಿದುಕೊಳ್ಳಬೇಡಿ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳೇ ಮುಂದೆ ಬನ್ಯಾನಂಥವರನ್ನು ಈ ಕಡೆ ಕರೆತರಬಹುದು. ಈ ಹುಡುಗಿ ತನ್ನ ತಮ್ಮನಿಗೆ ರಾತ್ರಿ ಮಲಗುವಾಗ ಆ ಕಥೆಯನ್ನು ಕನ್ನಡದಲ್ಲೇ ಹೇಳುತ್ತಾಳೆಂದು ತಾಯಿ ಹೇಳಿದರು. 'ಟ್ಟಾಕ್' ಮಾತ್ರ ಬದಲಾಗುವುದಿಲ್ಲವಂತೆ.

ಕನ್ನಡದಲ್ಲಿ ಎಲ್ಲ ಇದೆ ಎಂದು ಹೇಳಿ ನಿಮ್ಮನ್ನು ಕಳಿಸಿದರೆ ಅದು ಸುಳ್ಳಾಗುತ್ತದೆ. ಹತ್ತು ಹನ್ನೆರಡರ ವರೆಗಿನ ಮಕ್ಕಳಿಗೆ ಇದೆ, ದೊಡ್ಡವರಿಗೆ ಇದೆ, ನಡುವೆ ಇರುವ ಐದು ವರ್ಷಕ್ಕೆ ಬಹಳ ತೆಳುವಾಗಿದೆ. ಅದರಲ್ಲೂ ಹುಡುಗಿಯೊಬ್ಬಳು ಸೈಕಲ್ ಏರಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಪುಸ್ತಕಗಳ ಸಾಲು ಬೇಕು ಎಂದು ಅವಳು ಕೇಳಿದಾಗ ನಾವು ಕೊಡಲಾರದೆ ಹೋದೆವು. ಅಮೆರಿಕದಲ್ಲಿ ನ್ಯಾನ್ಸಿ ಡ್ರೂ ಎಂಬ ಪತ್ತೇದಾರ ಹುಡುಗಿ 1930ರಲ್ಲೇ ಹುಟ್ಟಿದಳು. ಹಲವರು ಸೇರಿ ಒಂದೇ ಹೆಸರಿನಲ್ಲಿ ಬರೆದ ಮಾಲೆ ಅದು. ನಮ್ಮಲ್ಲಿ ಯಾರಾದರೂ ನಾಲ್ವರು ಕೂಡಿ ಹಾಗೆ ಬರೆಯುವುದಾದರೆ ಕಾಗದ ಸಂಘದ ಖರ್ಚು.

ಇನ್ನು ವ್ಯವಹಾರದ ಎರಡು ಮಾತು. ಮಿಲೇನಿಯಮ್ ಸರಣಿಯಲ್ಲಿ ನಮ್ಮ ಹತ್ತಿರ ಇರುವುದು ಹನ್ನೊಂದು, ಐದು ಕೊರತೆ. ಯಾರಾದರೂ ಬೆಂಗಳೂರು, ಮೈಸೂರಿಗೆ ಹೋಗುವವರಿದ್ದರೆ ಪಟ್ಟಿ ಮೇಜಿನಲ್ಲಿದೆ, ಹಣ ಸಂಘ ಕೊಡುತ್ತದೆ. ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿಯವರು ನಡೆಸುವ ಪುಸ್ತಕ ವಿನಿಮಯದಂಥ ಕೂಟಗಳಿಗೆ ಹೋಗುವವರು ಕನ್ನಡದ ಕಟ್ಟುಗಳ ಮೇಲೆ ಒಂದು ಕಣ್ಣಿಡಿ. ಹದಿನೆಂಟರ ಒಳಗಿನವರಿಗೆ ಇನ್ನು ಮೇಲೆ ಒಂದರ ಬದಲು ಎರಡು ಪುಸ್ತಕ. ಮಗು ತಾನೇ ಆರಿಸಲಿ, ತಾಯಿತಂದೆ ದಯವಿಟ್ಟು ಕಪಾಟಿನಿಂದ ನಾಲ್ಕು ಅಡಿ ದೂರ ನಿಲ್ಲಿ.

ಕೊನೆಯದಾಗಿ, ಆ ಹತ್ತು ಹಾಳೆಯ ವಿಷಯ. ಹುಡುಗಿ ಈಗ ಹತ್ತನೆಯ ತರಗತಿ, ಪರೀಕ್ಷೆಯ ವರ್ಷ. ಆದರೂ ತಿಂಗಳಿಗೊಮ್ಮೆ ಬಂದು, "ಸಿಕ್ಕವೇನ್ರಿ ಕಾಕಾ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಕೊಂದವನು ಮಾವನೇ ಎಂದು ಅವಳ ಅನುಮಾನ, ನಮಗೆ ಕಾರಕೂನನ ಮೇಲೆ. ಪುಸ್ತಕದ ಹೆಸರನ್ನು ಹೊರಗಿನ ಫಲಕದ ಮೇಲೆ ಬರೆದು ಹಾಕಿದ್ದೇವೆ. ನಿಮ್ಮ ಮನೆಯ ಟ್ರಂಕಿನಲ್ಲೋ, ಊರಿನ ಅಟ್ಟದ ಮೇಲೋ ಅದರ ಪೂರ್ತಿ ಪ್ರತಿ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ಕೊನೆಯ ಹಾಳೆಗಳ ನಕಲು ತೆಗೆದು ಪುಸ್ತಕವನ್ನು ಹಾಗೆಯೇ ಮರಳಿಸುತ್ತೇವೆ. ಪುಸ್ತಕ ಸಿಗದೆ ಕಥೆ ಮಾತ್ರ ನೆನಪಿರುವ ಹಿರಿಯರು ಯಾರಾದರೂ ಇಲ್ಲಿದ್ದರೆ ನಮ್ಮ ಕಿವಿಯಲ್ಲಿ ಹೇಳಬೇಡಿ. ಭಾನುವಾರ ಹತ್ತು ಗಂಟೆಗೆ ಬಂದು ಅವಳಿಗೇ ಹೇಳಿ.